ಚೈನ್ ತಿರುಗಿಸಿ ನೋಡಿ, ಆಮೇಲೆ ಟೂಲ್ ಕೊಳ್ಳಿ

ಹಿಂದಿನ ಸಂಚಿಕೆಯಲ್ಲಿ ವಾಚಿನ ಚರ್ಮದ ಬೆಲ್ಟ್ ಬದಲಿಸುವುದು ಹೇಗೆ ಎಂದು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಬೆಲ್ಟಿನ ಸುದ್ದಿಯೇ ಇಲ್ಲ. ಎಲ್ಲರಿಗೂ ಸ್ಟೀಲ್ ಚೈನಿನದೇ ತಾಪತ್ರಯ. ಸಡಿಲವಾಯಿತು, ಬಿಗಿಯಾಯಿತು, ಪಿನ್ ಬರುತ್ತಿಲ್ಲ, ಬಂದ ಪಿನ್ ಕಾಣುತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಪುಟ ಚೈನಿಗೇ.

ಹೊಸ ಓದುಗರಿಗೆ ಒಂದು ಮಾತು: ನಾನು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ವಾಚ್ ಅಸೆಂಬ್ಲಿಯಲ್ಲಿದ್ದವಳು. ಈಗ ಮನೆಯ ಊಟದ ಮೇಜಿನ ಕಿಟಕಿ ಕಡೆಯ ಮೂಲೆಯೇ ನನ್ನ ವರ್ಕ್‌ಶಾಪು. ಊಟದ ಹೊತ್ತಿಗೆ ಸಾಮಾನೆಲ್ಲ ಎತ್ತಿಡಬೇಕು. ಇಲ್ಲದಿದ್ದರೆ ಸಾರಿನಲ್ಲಿ ಸ್ಕ್ರೂ ಸಿಕ್ಕಿತು ಎಂದು ಮನೆಯವರ ದೂರು. ಒಮ್ಮೆ ಸಿಕ್ಕಿದ್ದೂ ಉಂಟು.

ಪ್ರಶ್ನೆ (ನಿವೃತ್ತ ಶಿಕ್ಷಕರು, ದಾವಣಗೆರೆ): ಮಗ ಆನ್‌ಲೈನಿನಲ್ಲಿ ಸ್ಟೀಲ್ ಚೈನಿನ ವಾಚ್ ತರಿಸಿಕೊಟ್ಟಿದ್ದಾನೆ. ಕೈಗೆ ಹಾಕಿದರೆ ಬಳೆಯ ಹಾಗೆ ಜಾರುತ್ತದೆ. ಅಂಗಡಿಯವನು ‘ಬೇರೆ ಕಡೆ ಕೊಂಡ ವಾಚನ್ನು ನಾವು ಮುಟ್ಟುವುದಿಲ್ಲ’ ಎಂದ. 147 ಸಾಮಾನುಗಳ ರಿಪೇರಿ ಕಿಟ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಲೇ?

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಬೇಡ. ಅಂಥ ಕಿಟ್ಟುಗಳ ಲೆಕ್ಕ ನಿಮ್ಮ ತರಗತಿಯಲ್ಲಿ ಪಾಸಾಗುವಂಥದ್ದಲ್ಲ. ನೂರಕ್ಕೂ ಹೆಚ್ಚು ಸಾಮಾನು ಬರೀ ಬೆಲ್ಟಿನ ಪಿನ್ನುಗಳೇ. ಅವನ್ನು ಒಂದೊಂದಾಗಿ ಎಣಿಸಿ ಸಂಖ್ಯೆ ದೊಡ್ಡದು ಮಾಡಿರುತ್ತಾರೆ. ಉಳಿದವುಗಳಲ್ಲಿ ಹಿಂದಿನ ಮುಚ್ಚಳ ತೆಗೆಯುವ ಕೀ, ಚಾಕು ಇತ್ಯಾದಿ. ನಿಮಗೆ ಈಗ ಅವು ಯಾವುವೂ ಬೇಕಿಲ್ಲ.

ಮೊದಲು ವಾಚನ್ನು ಬೋರಲು ಹಾಕಿ, ಕೈಗೆ ತಾಗುವ ಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಲಾಕಿನ ಎರಡೂ ಪಕ್ಕದ ಕೆಲವು ಕೊಂಡಿಗಳ ಒಳಮೈಯಲ್ಲಿ ಸಣ್ಣ ಬಾಣದ ಗುರುತು ಇದೆಯೇ? ಇದ್ದರೆ ಅದು ಒತ್ತಿ ಕೂರಿಸಿದ ಪಿನ್. ಬಾಣ ತೋರಿಸುವ ದಿಕ್ಕಿಗೇ ಅದನ್ನು ತಳ್ಳಬೇಕು. ಬಾಣ ಇಲ್ಲದೆ ಚೈನಿನ ಅಂಚಿನಲ್ಲಿ ಸ್ಕ್ರೂವಿನ ತಲೆ ಕಂಡರೆ ತಿರುಗಿಸಿ ತೆಗೆಯುವ ಜಾತಿ. ಇಲ್ಲೊಂದು ಮೋಸವಿದೆ. ಬಾಣದ ಜಾತಿಯ ಎಷ್ಟೋ ಚೈನುಗಳಲ್ಲಿ ಪಿನ್ನಿನ ಒಂದು ತುದಿ ಸೀಳಿರುತ್ತದೆ. ಆ ಸೀಳು ದೂರದಿಂದ ಸ್ಕ್ರೂವಿನ ಗೀರಿನಂತೆಯೇ ಕಾಣುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುವಿ, ಪಿನ್ನೂ ಕೆಡಿಸಿ ಕೊಂಡಿಯ ಅಂಚೂ ಕೆಡಿಸಿಕೊಂಡು ನನ್ನ ಬಳಿ ಬಂದವರು ತುಂಬ ಜನ. ಬಾಣ ಕಂಡರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ನಿಮ್ಮದು ಬಾಣದ ಜಾತಿಯೆಂದೇ ಇಟ್ಟುಕೊಳ್ಳೋಣ, ಕಡಿಮೆ ಬೆಲೆಯ ವಾಚುಗಳಲ್ಲಿ ಬಹುಪಾಲು ಅದೇ. ಎರಡು ದಾರಿಗಳಿವೆ. ಒಂದು, ಸ್ಕ್ರೂ ತಿರುಗಿಸಿದರೆ ಸೂಜಿಯಂಥ ಮೊನೆ ಮುಂದೆ ಬಂದು ಪಿನ್ ತಳ್ಳುವ ಪುಟ್ಟ ಯಂತ್ರ. ಪ್ಲಾಸ್ಟಿಕ್ಕಿನದೂ ಬರುತ್ತದೆ, ಲೋಹದ್ದೂ ಬರುತ್ತದೆ. ಇನ್ನೊಂದು, ಸಣ್ಣ ಸುತ್ತಿಗೆ, ಪಂಚ್ (ಏಟು ಕೊಟ್ಟು ಪಿನ್ ತಳ್ಳುವ ಸಪೂರ ಕಡ್ಡಿ) ಮತ್ತು ಚೈನನ್ನು ಲಂಬವಾಗಿ ನಿಲ್ಲಿಸುವ ಸೀಳಿರುವ ದಿಂಡು. ನನ್ನ ಕೈಗೆ ಒಗ್ಗಿದ್ದು ಸುತ್ತಿಗೆ. ಕೈ ಸ್ವಲ್ಪ ನಡುಗುವ ವಯಸ್ಸಾದರೆ ಯಂತ್ರವೇ ಲೇಸು, ಆದರೆ ಲೋಹದ್ದನ್ನೇ ಕೊಳ್ಳಿ. ಪ್ಲಾಸ್ಟಿಕ್ಕಿನದು ಬಿಗಿ ಪಿನ್ ಎದುರಾದೊಡನೆ ತಾನೇ ಬಾಗುತ್ತದೆ. ಅದು ಬಾಗಿದರೆ ಮೊನೆ ಓರೆಯಾಗಿ ಲಟಕ್ಕನೆ ಮುರಿಯುತ್ತದೆ. ಜೊತೆಗೆ ಎರಡು ಮೂರು ಮೊನೆ ಹೆಚ್ಚಿಗೆ ಕೊಡುವವರ ಹತ್ತಿರವೇ ತೆಗೆದುಕೊಳ್ಳಿ. ಮೊನೆ ಮುರಿಯುವುದು ಯಾವಾಗಲೂ ಭಾನುವಾರ, ಅಂಗಡಿ ಮುಚ್ಚಿದ ದಿನ.

ಸುತ್ತಿಗೆ ಹಿಡಿಯುವವರಿಗೆ: ಗೋಡೆಗೆ ಮೊಳೆ ಹೊಡೆಯುವ ಸುತ್ತಿಗೆ ಬೇಡ. ಹಿತ್ತಾಳೆ ತಲೆಯ ಪುಟ್ಟದೊಂದು ಸಾಕು. ಪಂಚಿನ ದಪ್ಪ ಪಿನ್ನಿಗಿಂತ ಒಂದು ಕೂದಲು ಕಡಿಮೆ ಇರಬೇಕು. 0.8 ಮತ್ತು 1 ಮಿಲಿಮೀಟರಿನವು ಎರಡಿದ್ದರೆ ಮನೆಯ ಬಹುತೇಕ ವಾಚು ಮುಗಿಯುತ್ತವೆ. ದಿಂಡನ್ನು ದುಡ್ಡು ಕೊಟ್ಟು ತರಲೇಬೇಕೆಂದೇನಿಲ್ಲ. ಬಡಗಿಯವರ ಹತ್ತಿರ ತೇಗದ ತುಂಡೊಂದನ್ನು ಕೇಳಿ, ಗರಗಸದಿಂದ ಚೈನ್ ನಿಲ್ಲುವಷ್ಟು ಅಗಲದ ಸೀಳು ಹಾಕಿಸಿ. ಆ ಸೀಳಿನ ತಳದಲ್ಲಿ ಪಿನ್ ಇಳಿಯಲು ಒಂದು ತೂತು. ನನ್ನದು ಹಳೆಯ ಬಾಗಿಲ ಚೌಕಟ್ಟಿನ ತುಂಡು. ಇವತ್ತಿಗೂ ಅದೇ ಕೆಲಸ ಮಾಡುತ್ತಿದೆ.

ಬಾಣ ಕೆಳಮುಖವಾಗುವಂತೆ ಚೈನ್ ನಿಲ್ಲಿಸಿ. ಜೋರಾದ ಒಂದು ಏಟಿಗಿಂತ ಟಕ್ ಟಕ್ ಎಂದು ಹತ್ತು ಸಣ್ಣ ಏಟು ಹಾಕಿ. ಪಿನ್ ಕೆಳಗೆ ಎರಡು ಮಿಲಿಮೀಟರ್ ಇಣುಕಿದರೆ ಸಾಕು, ಉಳಿದದ್ದನ್ನು ನೋಸ್ ಪ್ಲೈಯರಿನಿಂದ ಎಳೆಯಿರಿ. ಮರಳಿ ಹಾಕುವಾಗ ಬಂದ ದಾರಿಯಲ್ಲೇ ವಾಪಸ್, ಅಂದರೆ ಬಾಣಕ್ಕೆ ಎದುರಾಗಿ. ಸೀಳಿಲ್ಲದ ತುದಿ ಮೊದಲು ಒಳಗೆ ಹೋಗಬೇಕು, ಸೀಳಿರುವ ತುದಿ ಕೊನೆಗೆ. ಕೊನೆಯಲ್ಲಿ ಬೆರಳಿನಿಂದ ಅಂಚು ಸವರಿ ನೋಡಿ. ಚುಚ್ಚಿದರೆ ಪಿನ್ ಇನ್ನೂ ಪೂರ್ತಿ ಕೂತಿಲ್ಲ.

ನಿಮ್ಮ ಅಂಗಡಿಯವರು ಬೇಡವೆಂದದ್ದಕ್ಕೆ ಬೇಜಾರಾಗಬೇಡಿ. ಗೀರು ಬಿದ್ದರೆ ನಿಮ್ಮ ಕೈಲಿ ಬೈಸಿಕೊಳ್ಳುವವರು ಅವರೇ ತಾನೇ.

ಪ್ರಶ್ನೆ (ಗೃಹಿಣಿ, ಶಿವಮೊಗ್ಗ): ಬೆಳಿಗ್ಗೆ ಸರಿಯಾಗಿ ಕೂರುವ ಚೈನ್ ಮಧ್ಯಾಹ್ನ ಕೈಗೆ ಗುರುತು ಮೂಡುವಷ್ಟು ಬಿಗಿಯಾಗುತ್ತದೆ. ಎಷ್ಟು ಕೊಂಡಿ ತೆಗೆಸಬೇಕೆಂಬ ಲೆಕ್ಕ ಇದೆಯೇ?

ಉತ್ತರ: ಅಳತೆ ತೆಗೆಯುವ ಹೊತ್ತೇ ತಪ್ಪಿದೆಯಮ್ಮ. ಮಣಿಕಟ್ಟು ಸೆಕೆಗೆ, ಕೆಲಸಕ್ಕೆ ಸ್ವಲ್ಪ ಊದುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಅಳೆದು ಕೊಂಡಿ ತೆಗೆದರೆ ಮಧ್ಯಾಹ್ನ ಬಿಗಿಯುವುದು ಸಹಜ. ಸಂಜೆ ಅಡುಗೆಮನೆಯಿಂದ ಹೊರಬಂದ ಮೇಲೆ ಅಳೆಯಿರಿ. ಲಾಕ್ ಹಾಕಿದಾಗ ಕಿರುಬೆರಳು ಒಳಗೆ ತೂರುವಷ್ಟು ಜಾಗ ಇರಲಿ.

ಕೊಂಡಿಯನ್ನು ಒಂದೇ ಕಡೆಯಿಂದ ತೆಗೆಯಬೇಡಿ. ಆ ಕಡೆ ಒಂದು, ಈ ಕಡೆ ಒಂದು. ಬೆಸ ಸಂಖ್ಯೆ ಬಂದರೆ ಮಾತ್ರ 6 ಗಂಟೆಯ ಕಡೆಯಿಂದ ಒಂದು ಹೆಚ್ಚು ತೆಗೆಯಿರಿ, ಆಗ ಲಾಕ್ ಮಣಿಕಟ್ಟಿನ ಅಡಿಯಲ್ಲಿ ನಡುಮಧ್ಯಕ್ಕೆ ಕೂರುತ್ತದೆ. ಕೊಂಡಿಗೂ ಮೊದಲು ಲಾಕಿನ ಪಕ್ಕದ ಅಂಚು ನೋಡಿ. ಅಲ್ಲಿ ಸಾಲಾಗಿ ಸಣ್ಣ ತೂತುಗಳಿದ್ದರೆ, ಒಳಗಿನ ಸ್ಪ್ರಿಂಗ್ ಪಿನ್ನನ್ನು, ಅಂದರೆ ಒತ್ತಿದರೆ ತುದಿ ಒಳಸರಿಯುವ ಕೊಳವೆಯಂಥ ಪಿನ್ನನ್ನು, ಮೊನೆಯಿಂದ ಒತ್ತಿ ಪಕ್ಕದ ತೂತಿಗೆ ಸರಿಸಿದರೆ ಸಾಕು. ಒಂದೆರಡು ಮಿಲಿಮೀಟರ್ ಸಿಗುತ್ತದೆ. ನಿಮ್ಮ ತೊಂದರೆಗೆ ಅಷ್ಟೇ ಬೇಕಿರುವುದು ಎಂದು ನನ್ನ ಅಂದಾಜು. ಇದಕ್ಕೆ ಟೂಲ್ ಕೂಡ ಬೇಡ, ತೂತಿಗೆ ಹಿಡಿಯುವ ಗಟ್ಟಿ ದಬ್ಬಣವೇ ಸಾಕು. ಬೆರಳು ಚುಚ್ಚಿಕೊಳ್ಳಬೇಡಿ ಅಷ್ಟೇ.

ತೆಗೆದ ಕೊಂಡಿ, ಪಿನ್ನುಗಳನ್ನು ಎಸೆಯಬೇಡಿ. ನಾನು ಹಳೆಯ ಕುಂಕುಮದ ಡಬ್ಬಿಗಳಲ್ಲಿ ಹಾಕಿ, ಮೇಲೆ ವಾಚಿನ ಹೆಸರು ಬರೆದ ಚೀಟಿ ಅಂಟಿಸಿಡುತ್ತೇನೆ. ವರ್ಷ ಕಳೆದ ಮೇಲೆ ಕೈ ದಪ್ಪವಾದಾಗ ಅದೇ ಕೊಂಡಿ ಎಲ್ಲಿ ಹುಡುಕಿದರೂ ಸಿಗದು.

ಪ್ರಶ್ನೆ (ಉಡುಪಿ): ಅಣ್ಣ ದುಬೈಯಿಂದ ತಂದ ಸೀಕೊ ವಾಚಿನ ಎರಡು ಕೊಂಡಿ ನಾನೇ ತೆಗೆದೆ. ಎಲ್ಲ ಸರಿಯಾಗಿ ಜೋಡಿಸಿದ್ದೆ. ಮರುದಿನ ಬಸ್ಸಿನಲ್ಲಿ ಪಿನ್ ಜಾರಿ ವಾಚ್ ಬಿತ್ತು. ಕೆಲಸ ಮಾಡಿದ ಜಾಗದಲ್ಲಿ ಆಮೇಲೆ ಒಂದು ಪುಟ್ಟ ಕೊಳವೆ ಸಿಕ್ಕಿತು. ಅದು ಯಾವುದರದ್ದು?

ಉತ್ತರ: ಅದೇ ನಿಮ್ಮ ಚೈನಿನ ಪ್ರಾಣ! ಸೀಕೊದ ಹಲವು ಚೈನುಗಳಲ್ಲಿ, ಕೆಲವು ಸಿಟಿಜನ್ ಚೈನುಗಳಲ್ಲಿಯೂ, ಪಿನ್ ಸೀಳಿರುವುದಿಲ್ಲ, ನುಣ್ಣಗಿನ ಕಡ್ಡಿ. ಅದನ್ನು ಬಿಗಿಯಾಗಿ ಹಿಡಿಯುವುದು ಒಳಗೆ ಕೂತ ಈ ಕೊಳವೆ. ಕಾಲರ್ ಎನ್ನುತ್ತಾರೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಹೆಚ್ಚೇನಿಲ್ಲ. ಪಿನ್ ಹೊಡೆದು ತೆಗೆಯುವಾಗ ಸದ್ದಿಲ್ಲದೆ ಉದುರುತ್ತದೆ. ಅದಿಲ್ಲದೆ ಪಿನ್ ಹಾಕಿದರೆ ಒಂದು ದಿನ, ಎರಡು ದಿನ ನಿಂತಂತೆ ಕಾಣುತ್ತದೆ, ಆಮೇಲೆ ಬಸ್ಸಿನಲ್ಲೋ ಬಾವಿಕಟ್ಟೆಯಲ್ಲೋ ಕೈಬಿಡುತ್ತದೆ.

ಒಂದು ಕೊಳವೆ ಸಿಕ್ಕಿದೆ ಎಂದಿದ್ದೀರಿ. ಬಿಚ್ಚಿದ ಪಿನ್ ಎಷ್ಟು ಎಂದು ಲೆಕ್ಕ ಹಾಕಿ. ಪಿನ್ನಿಗೊಂದು ಕೊಳವೆ ಇರಲೇಬೇಕು. ಕೆಲವು ಚೈನಿನಲ್ಲಿ ಕೊಳವೆ ಕೊಂಡಿಯ ನಡುವಿನ ತುಂಡಿನಲ್ಲಿ ಕೂರುತ್ತದೆ, ಕೆಲವದರಲ್ಲಿ ಒಂದು ಪಕ್ಕದ ತೂತಿನಲ್ಲಿ. ಊಹಿಸಬೇಡಿ. ನೀವು ತೆಗೆದಿಟ್ಟ ಕೊಂಡಿಗಳಲ್ಲಿ ಇನ್ನೂ ಬಿಚ್ಚದ ಜೋಡಣೆ ಇದ್ದರೆ ಅದನ್ನು ನಿಧಾನವಾಗಿ ಬಿಚ್ಚಿ, ಎಲ್ಲಿದೆ ನೋಡಿ. ಕೊಳವೆಯನ್ನು ಚಿಮಟದಿಂದ ಅದರ ಜಾಗದಲ್ಲಿಟ್ಟು, ಕೊಂಡಿ ಕೂಡಿಸಿ, ಆಮೇಲೆ ಪಿನ್ ಬಿಡಿ. ಕೊನೆಯ ಭಾಗದಲ್ಲಿ ಪಿನ್ ಗಟ್ಟಿಯಾಗಿ ಏಟಿಗೆ ಏಟು ಎದುರಾಡುತ್ತಾ ಇಳಿಯಬೇಕು. ಬೆರಳಲ್ಲಿ ಒತ್ತಿದರೇ ಹೋಯಿತು ಎಂದರೆ ಕೊಳವೆ ಇಲ್ಲ ಅಥವಾ ಸಡಿಲವಾಗಿದೆ. ಬೇರೆ ಹಾಕಿಸುವ ತನಕ ಆ ವಾಚ್ ಕಟ್ಟಬೇಡಿ.

ಈ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದ ಟೂಲ್ ಬಿಳಿ ಬಟ್ಟೆ. ಮೇಜಿನ ಮೇಲೆ ಹಾಸಿ, ತುದಿ ಮಡಿಲ ಮೇಲೆ ಬರಲಿ. ಏನು ಉರುಳಿದರೂ ಮಡಿಲಿಗೆ.

ಪ್ರಶ್ನೆ (ಕಾರವಾರ): ಅಪ್ಪನ ಹಳೆಯ ಎಚ್‌ಎಂಟಿ ವಾಚಿಗೆ ಹಾಕಿದ ಚೈನ್ ವರ್ಷಗಳಿಂದ ತೆಗೆದಿಲ್ಲ. ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಚೈನ್ ಹೋದರೂ ಪರವಾಗಿಲ್ಲ, ವಾಚಿಗೆ ಪೆಟ್ಟಾಗಬಾರದು. ಯಾವ ಟೂಲ್?

ಉತ್ತರ: ಇಂಥ ಕಾಗದ ಬಂದರೆ ನನಗೆ ಉಳಿದದ್ದೆಲ್ಲ ಮರೆತುಹೋಗುತ್ತದೆ. ಬೆಂಗಳೂರಿನ ಆ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ಯಾವ ವಾಚ್ ನನ್ನ ಮೇಜಿಗೆ ಬಂದರೂ ಮೊದಲು ಕಿವಿಗೆ ಹಿಡಿಯುತ್ತೇನೆ. ಅಭ್ಯಾಸ. ನಿಮ್ಮ ಅಪ್ಪನವರದೂ ಯಾರೋ ನನ್ನ ಗೆಳತಿಯ ಕೈಯಿಂದ ಹೋದದ್ದಿರಬಹುದು.

ಈಗ ಕೆಲಸಕ್ಕೆ ಬರೋಣ. ಹಳೆಯ ಎಚ್‌ಎಂಟಿಗಳಲ್ಲಿ ಅನೇಕವು ಹಿತ್ತಾಳೆ ಕೇಸಿಗೆ ಕ್ರೋಮ್ ಲೇಪಿಸಿದವು. ಹಿಂದಿನ ಮುಚ್ಚಳದ ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿದ್ದರೆ ಅದು ಮುಚ್ಚಳದ ಮಾತು, ಕೇಸಿನದಲ್ಲ. ಟೂಲ್ ಜಾರಿದರೆ ಕ್ರೋಮ್ ಹೋಗಿ ಒಳಗಿನ ಹಳದಿ ಇಣುಕುತ್ತದೆ. ಅದನ್ನು ಮುಚ್ಚುವ ದಾರಿ ಮನೆಯಲ್ಲಿ ಇಲ್ಲ. ಆದ್ದರಿಂದ ಮೊದಲು ಕೇಸಿನ ನಾಲ್ಕು ಕಾಲಿಗೂ, ಅಂದರೆ ಚೈನ್ ಸಿಕ್ಕಿಸುವ ಲಗ್ಗಿಗೆ, ಪೇಂಟಿನವರು ಬಳಸುವ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಹಾಕಿ. ಮದುವೆಯಾದ ಹೊಸದರಲ್ಲಿ ನಮ್ಮವರ ವಾಚಿನ ಚೈನನ್ನು ತರಕಾರಿ ಚಾಕುವಿನ ಮೊನೆಯಿಂದ ತೆಗೆಯಲು ಹೋಗಿ ಒಂದು ಗೆರೆ ಎಳೆದಿದ್ದೇನೆ. ದಿನವಿಡೀ ವಾಚ್ ಜೋಡಿಸುವವಳು ಮನೆಗೆ ಬಂದು ಚಾಕು ಹಿಡಿದಳು! ಆ ಗೆರೆ ಇವತ್ತಿಗೂ ಇದೆ, ಅದರ ಮಾತೂ ಇದೆ.

ಪಿನ್ ಲಗ್ಗಿನೊಳಗೆ ಹೋಗುವ ಜಾಗಕ್ಕೆ ದಬ್ಬಣದ ಮೊನೆಯಿಂದ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಒಂದು ಹನಿ ಮುಟ್ಟಿಸಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಹಳೆಯ ವಾಚಿನ ಕೀಲಿ ಸಂದಿನಿಂದ ಒಳಗೆ ಹೋದರೆ ಡಯಲ್ ಹಾಳು. ಒಂದು ರಾತ್ರಿ ಬಿಡಿ. ಮರುದಿನ ಸ್ಪ್ರಿಂಗ್ ಪಿನ್ ಟೂಲಿನ ಕವಲು ತುದಿಯನ್ನು ಹಿಂಬದಿಯಿಂದ ಚೈನಿಗೂ ಲಗ್ಗಿಗೂ ನಡುವೆ ತೂರಿಸಿ. ಪಿನ್ನಿನ ಕೊಳವೆಯ ಅಂಚಿನಲ್ಲಿ ಸಣ್ಣ ಬಳೆಯಂತೆ ಉಬ್ಬಿರುತ್ತದೆ, ಕವಲು ಅದಕ್ಕೆ ಸಿಕ್ಕಿಕೊಳ್ಳಬೇಕು. ಚೈನಿನ ನಡುವಿನ ಕಡೆಗೆ ಎಳೆದು ಸ್ವಲ್ಪ ಎತ್ತಿ. ಎರಡು ಮೂರು ಸಲ ಬಂದಿಲ್ಲವೆಂದರೆ ಹಟ ಬೇಡ. ಅಕ್ಕಸಾಲಿಗರ ಹತ್ತಿರ ಕೂದಲೆಳೆಯಂಥ ಗರಗಸ ಇರುತ್ತದೆ. ಲಗ್ಗಿಗೂ ಚೈನಿಗೂ ನಡುವಿನ ಸಂದಿಯಲ್ಲಿ ಪಿನ್ನನ್ನೇ ಕತ್ತರಿಸಲು ಹೇಳಿ, ಎದುರಿಗೇ ಕೂತುಕೊಳ್ಳಿ. ಪಿನ್ನಿಗೆ ಹೆಚ್ಚೆಂದರೆ ಹತ್ತಿಪ್ಪತ್ತು ರೂಪಾಯಿ.

ಹೊಸ ಪಿನ್ ಕೊಳ್ಳುವಾಗ ಎರಡು ಲಗ್ಗುಗಳ ಒಳಗಿನ ಅಗಲ ಅಳೆಯಿರಿ. ಹಳೆಯ ಗಂಡಸರ ಎಚ್‌ಎಂಟಿಗಳಲ್ಲಿ 18 ಮಿಲಿಮೀಟರ್ ಹೆಚ್ಚಾಗಿ ಕಾಣುತ್ತದೆ, ಆದರೂ ಸ್ಕೇಲ್ ಇಟ್ಟೇ ನೋಡಿ. ಸಮುದ್ರದ ಊರಿನವರು ನೀವು, ಉಪ್ಪುಗಾಳಿ ಮತ್ತು ಬೆವರು ಪಿನ್ನನ್ನು ಸುಮ್ಮನೆ ಬಿಡುವುದಿಲ್ಲ. ವರ್ಷಕ್ಕೊಮ್ಮೆ ತೆಗೆದು ನೋಡಿ, ಸ್ಪ್ರಿಂಗ್ ಒತ್ತಿದಾಗ ಮಂಕಾಗಿದ್ದರೆ ಬದಲಿಸಿಬಿಡಿ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು): ನನ್ನ ವಾಚಿನ ಚೈನ್ ಸ್ಕ್ರೂ ಇರುವಂಥದ್ದು. ಸ್ಕ್ರೂ ಅಲುಗಾಡುತ್ತಿಲ್ಲ. ಸ್ವಿಸ್ ಟೂಲುಗಳನ್ನೇ ಕೊಳ್ಳಬೇಕೇ? ಸಾವಿರಗಟ್ಟಲೆ ಬೆಲೆ ನೋಡಿ ಗಾಬರಿಯಾಯಿತು.

ಉತ್ತರ: ಸ್ಕ್ರೂ ಅಲುಗದಿರುವುದಕ್ಕೂ ಟೂಲಿನ ದೇಶಕ್ಕೂ ಸಂಬಂಧ ಕಡಿಮೆ. ತಯಾರಾಗುವಾಗ ಸ್ಕ್ರೂವಿನ ಎಳೆಗೆ ಅಂಟು ಹಾಕಿರುತ್ತಾರೆ, ನಡೆಯುತ್ತಾ ನಡೆಯುತ್ತಾ ಬಿಚ್ಚದಿರಲಿ ಎಂದು. ಆ ಅಂಟು ಬಿಸಿಗೆ ಮೆದುವಾಗುತ್ತದೆ. ಮೊದಲು ಚೈನನ್ನು ವಾಚಿನಿಂದ ಬೇರ್ಪಡಿಸಿ. ಇದನ್ನು ಮರೆತು ವಾಚ್ ಸಮೇತ ಬಿಸಿ ಮಾಡಿದವರಿದ್ದಾರೆ. ನಂತರ ಹೇರ್ ಡ್ರೈಯರ್ ಗಾಳಿಯನ್ನು ಕೊಂಡಿಯ ಮೇಲೆ ಕೆಲವು ನಿಮಿಷ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಬಿಸಿ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಮುಟ್ಟಿಸಿ, ಬಟ್ಟೆಯಲ್ಲಿ ಹಿಡಿದು ತಿರುಗಿಸಿ. ಚಿನ್ನದ ಲೇಪವಿರುವ ಚೈನಿಗೆ ಇದು ಬೇಡ. ಸೆರಾಮಿಕ್ ಕೊಂಡಿಯಾದರೆ ಮನೆಯಲ್ಲಿ ಏನೂ ಮಾಡಬೇಡಿ, ಗಾಜಿನ ಹಾಗೆ ಒಡೆಯುತ್ತದೆ.

ಸ್ಕ್ರೂಡ್ರೈವರಿನ ಅಲಗು ಗೀರಿನ ಅಗಲಕ್ಕೆ ಸರಿಸಮ ಇರಬೇಕು, ಗೀರಿನ ತಳಕ್ಕೆ ಮುಟ್ಟಬೇಕು. ಕಿರಿದಾದರೆ ಸ್ಕ್ರೂವಿನ ತಲೆ ಕಿತ್ತುಬರುತ್ತದೆ, ಅಗಲವಾದರೆ ಕೊಂಡಿಯ ಅಂಚು ಗೀರುತ್ತದೆ. ಕೆಲವು ಚೈನಿನಲ್ಲಿ ಎರಡೂ ಬದಿಗೆ ತಲೆ ಇರುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಬೇಕು, ಅದಕ್ಕೆ ಎರಡು ಸ್ಕ್ರೂಡ್ರೈವರ್ ಬೇಕು. ಮರಳಿ ಹಾಕುವಾಗ ಎಳೆಯ ತುದಿಗೆ ಲಾಕ್‌ಟೈಟ್ 222 ಎಂಬ ನೇರಳೆ ಬಣ್ಣದ, ಕಡಿಮೆ ಬಿಗಿಯ ಅಂಟಿನ ಚುಕ್ಕೆ ಸಾಕು. ಕೆಂಪು ಬಣ್ಣದ್ದು ತಂದರೆ ಮುಂದಿನ ಸಲ ಬಿಚ್ಚುವಾಗ ನನ್ನನ್ನು ಬೈಯುತ್ತೀರಿ. ಅದೂ ಇಲ್ಲವೆಂದರೆ ಬಣ್ಣವಿಲ್ಲದ ನೇಲ್ ಪಾಲಿಷ್ ಒಂದು ಚುಕ್ಕೆ.

ಸ್ವಿಸ್ ಟೂಲಿನ ಮಾತು. ಲೆ ಲೋಕ್ಲ್ ಊರಿನ ಬರ್ಜಾನ್ ಕಂಪನಿ 1791ರಿಂದ ಈ ವ್ಯವಹಾರದಲ್ಲಿದೆ, ಅವರ ಉಕ್ಕು ಚೆನ್ನಾಗಿದೆ, ಸುಳ್ಳೇನಲ್ಲ. ನಿಮ್ಮ ಬಳಿ ಒಂದೇ ವಾಚ್ ಇದ್ದರೆ ಅವರ ಸ್ಪ್ರಿಂಗ್ ಪಿನ್ ಟೂಲ್ ಒಂದನ್ನು ಮಾತ್ರ ಯೋಚಿಸಬಹುದು. ನಾನಾದರೂ ದುಡ್ಡು ಹಾಕುವುದು ಆ ಕವಲು ತುದಿಗೇ. ಅಗ್ಗದ ಟೂಲಿನ ಕವಲು ಒಂದೋ ದಪ್ಪವಿದ್ದು ಸಂದಿಗೆ ಹೋಗದು, ಇಲ್ಲವೇ ಹೋದ ಮೇಲೆ ಬಾಗಿ ಜಾರುತ್ತದೆ. ಜಾರಿದ ಟೂಲ್ ಬಂದು ನಿಲ್ಲುವುದು ಲಗ್ಗಿನ ಮೇಲೆಯೇ. ಕವಲಿನ ತುದಿ ಬದಲಿಸುವಂಥದ್ದಿರಲಿ, ಚೈನಿಗೆ ಸಪೂರ ತುದಿ, ಬೆಲ್ಟಿಗೆ ಅಗಲದ್ದು. ದಪ್ಪ ಗಟ್ಟಿ ಕೊನೆಕೊಂಡಿಗಳಿರುವ ಚೈನಿಗೆ ಎರಡೂ ಬದಿಯನ್ನು ಒಟ್ಟಿಗೆ ಒತ್ತುವ ಚಿಮಟದಂಥ ಟೂಲ್ ಬರುತ್ತದೆ. ಚೈನನ್ನು ಪದೇ ಪದೇ ಬದಲಿಸುವ ಹುಚ್ಚಿದ್ದರೆ ಮಾತ್ರ ಅದು. ಉಳಿದದ್ದೆಲ್ಲ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಕಡೆ ವಾಚ್ ಮೆಟೀರಿಯಲ್ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಕಣ್ಣಿಗೆ ಸಿಕ್ಕಿಸುವ ಐ ಗ್ಲಾಸ್ ಒಂದನ್ನೂ ತನ್ನಿ. ಮೂರು ಪಟ್ಟು ದೊಡ್ಡದು ಮಾಡುವುದು ಸಾಕು.

ನಿಮ್ಮ ಲಗ್ಗಿನ ಹೊರಮೈಯಲ್ಲಿ ಆರಪಾರ ತೂತು ಇದ್ದರೆ ಇಷ್ಟೆಲ್ಲ ರಗಳೆಯೇ ಇಲ್ಲ. ಹೊರಗಿನಿಂದ ಮೊನೆ ಹಾಕಿ ಒತ್ತಿದರೆ ಪಿನ್ ತಾನಾಗಿ ಬಿಡುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, ಹುಬ್ಬಳ್ಳಿ): ಜಾಳಿಗೆಯಂಥ ಮೆಶ್ ಚೈನ್. ಕೊಂಡಿಯೇ ಇಲ್ಲ, ಹೇಗೆ ಚಿಕ್ಕದು ಮಾಡಲಿ?

ಉತ್ತರ: ಲಾಕಿನ ಹಿಂಬದಿಯ ಚಿಕ್ಕ ಪಟ್ಟಿಯ ಅಂಚಿಗೆ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲಗೆ ಎತ್ತು. ಲಾಕ್ ಸಡಿಲವಾಗಿ ಜಾಳಿಗೆಯ ಮೇಲೆ ಜಾರುತ್ತದೆ. ಬೇಕಾದ ಕಡೆ ನಿಲ್ಲಿಸಿ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿಬಿಡು, ಟಕ್ ಎನ್ನಬೇಕು. ಏನೂ ಕೊಳ್ಳುವುದು ಬೇಡ, ಆ ದುಡ್ಡಿಗೆ ಮಿರ್ಚಿ ಗಿರ್ಮಿಟ್ ತಿನ್ನು.

ಪ್ರಶ್ನೆ (ಮೈಸೂರು): ಸ್ಪ್ರಿಂಗ್ ಪಿನ್ ತೆಗೆಯುವಾಗ ಚಿಮ್ಮಿ ಎಲ್ಲೋ ಹೋಯಿತು. ಎರಡು ದಿನ ಗುಡಿಸಿ ನೋಡಿದರೂ ಇಲ್ಲ.

ಉತ್ತರ: ಗುಡಿಸುವುದನ್ನು ಮೊದಲು ನಿಲ್ಲಿಸಿ, ಪೊರಕೆ ಅದನ್ನು ಇನ್ನೂ ದೂರ ಒಯ್ಯುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ನೆಲದ ಮೇಲೆಯೇ ಹರಿಯುವಂತೆ ಬಿಡಿ. ನೀವೂ ನೆಲಕ್ಕೆ ಕೆನ್ನೆ ಹಚ್ಚಿ ನೋಡಿ. ಅಕ್ಕಿಕಾಳಿನಷ್ಟು ಪಿನ್ನಿಗೂ ಗೇಣುದ್ದ ನೆರಳು ಬೀಳುತ್ತದೆ. ಹುಡುಕಬೇಕಾದದ್ದು ಆ ನೆರಳನ್ನು. ಮೇಜಿನಡಿ ಬಿಟ್ಟು ಎದುರಿನ ಗೋಡೆಯ ಬುಡದಿಂದ ಶುರು ಮಾಡಿ, ಸ್ಪ್ರಿಂಗ್ ಹಾರುವ ದೂರ ನಾವು ಎಣಿಸುವುದಕ್ಕಿಂತ ಹೆಚ್ಚು. ನಿಮ್ಮ ಅಂಗಿಯ ತೋಳಿನ ಮಡಿಕೆಯನ್ನೂ ಒಮ್ಮೆ ಬಿಚ್ಚಿ ನೋಡಿ. ಮುಂದಿನ ಸಲ ಕೈ, ವಾಚು, ಟೂಲು ಮೂರನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಪಿನ್ ತೆಗೆಯಿರಿ. ಬಟ್ಟೆ ಅಂಗಡಿಯವರು ಸೀರೆ ಹಾಕಿಕೊಡುವ ಚೀಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.